ಕಬ್ಬಿನ ಹಾಲು ಮತ್ತು ಅಚ್ಚು ಬೆಲ್ಲ: ರಾ, ಜೆಪೆಗ್ ಬಗ್ಗೆ ಮಂಡ್ಯದಲ್ಲಿ ಆಡಿದ ಮಾತು

ಒಂದು ಭಾನುವಾರ ಬೆಳಿಗ್ಗೆ ಮಂಡ್ಯದಲ್ಲಿ ಫೋಟೋ ತೆಗೆಯುವವರೆಲ್ಲ ಸೇರಿದ್ದರು. ಮದುವೆ ಫೋಟೋದವರು, ಹಕ್ಕಿ ಹಿಂದೆ ಬಿದ್ದವರು, ಪತ್ರಿಕೆಗೆ ಫೋಟೋ ಕಳಿಸುವವರು, ಮೊಬೈಲ್ ಮಾತ್ರ ಇರುವ ಕಾಲೇಜು ಹುಡುಗರು. ರಾ, ಜೆಪೆಗ್ ಅಂದರೆ ಕ್ಯಾಮೆರಾ ಫೋಟೋ ಉಳಿಸುವ ಎರಡು ಬಗೆಯ ಫೈಲು; ರಾದಲ್ಲಿ ತೆಗೆಯಬೇಕಾ, ಜೆಪೆಗ್‌ನಲ್ಲಿ ತೆಗೆಯಬೇಕಾ ಅನ್ನುವುದರ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಬರೆದು ಕೊಡಿ ಅಂತ ಆಮೇಲೆ ಕೆಲವರು ಕೇಳಿದರು. ಆಡಿದ ಹಾಗೇ ಬರೆದಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನೂ ಬಿಟ್ಟಿಲ್ಲ.

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಮದುವೆಯ ವಿಷಯ ಹೇಳುತ್ತೇನೆ. ಕೆಲವು ವರ್ಷದ ಹಿಂದಿನದು. ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ತೆಗೆಯಲು ಹೋಗಿದ್ದೆ. ನಿಮಗೆಲ್ಲ ಗೊತ್ತು, 7 ಗಂಟೆಗೆ ಒಮ್ಮೆಲೇ ಹೊತ್ತಿಕೊಳ್ಳುತ್ತವೆ, ಸುಮಾರು ಒಂದು ಲಕ್ಷ ಬಲ್ಬು. ಮುಕ್ಕಾಲು ಗಂಟೆ ಅಷ್ಟೇ. ಆ ಹಳದಿ ತುಂಬಾ ಜಾಸ್ತಿ ಕಾಣಬಾರದು ಅಂತ ಬೆಳಕಿಗೆ ತಕ್ಕ ಹಾಗೆ ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಗುರುತಿಗೆ, ಅಂದರೆ ಟಂಗ್‌ಸ್ಟನ್‌ಗೆ ಇಟ್ಟೆ. ಫೋಟೋ ಚೆನ್ನಾಗಿ ಬಂತು. ಮನೆಗೆ ಬಂದು ಮಲಗಿದೆ.

ಮಾರನೇ ದಿನ ಬೆಳಿಗ್ಗೆ ಶ್ರೀರಂಗಪಟ್ಟಣದ ಹತ್ತಿರ ಒಂದು ತೋಟದಲ್ಲಿ ಮದುವೆ. ತೆಂಗಿನ ಗರಿಯ ಚಪ್ಪರ, ಒಳ್ಳೆ ಬಿಸಿಲು. ಧಾರೆ ಶುರುವಾಯಿತು. ಬಿಸಿಲಿಗೆ ಕ್ಯಾಮೆರಾದ ಹಿಂದಿನ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ, ನೋಡುವಷ್ಟು ಹೊತ್ತೂ ಇರಲಿಲ್ಲ, ಹುಡುಗಿಯ ಅಪ್ಪ ಕೈಗೆ ನೀರು ಬಿಡುತ್ತಿದ್ದಾರೆ, ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಅದನ್ನು ಬಿಟ್ಟು ಪರದೆ ನೋಡುತ್ತಾ ನಿಲ್ಲುವುದು ಹೇಗೆ? ಕಾರ್ಡಿನಲ್ಲಿ ಜಾಗ ಉಳಿಯಲಿ ಅಂತ ಬರೀ ಜೆಪೆಗ್ ಇಟ್ಟಿದ್ದೆ. ಇಪ್ಪತ್ತು ನಿಮಿಷ ಆದ ಮೇಲೆ ನೆರಳಿಗೆ ಬಂದು ನೋಡಿದರೆ ಎಲ್ಲವೂ ನೀಲಿ. ವೈಟ್ ಬ್ಯಾಲೆನ್ಸ್ ಹಿಂದಿನ ರಾತ್ರಿಯ ಬಲ್ಬಿನ ಗುರುತಿನಲ್ಲೇ ಉಳಿದಿತ್ತು. ಬಿಳಿ ಪಂಚೆ ನೀಲಿ, ಮುಖ ನೀಲಿ, ಅಕ್ಷತೆ ನೀಲಿ.

ಎಡಿಟ್ ಮಾಡಿ ಸರಿ ಮಾಡಬಹುದು ಅಂದುಕೊಂಡೆ. ಎರಡು ರಾತ್ರಿ ಕೂತೆ. ನೀಲಿ ಇಳಿಸಿದರೆ ಮುಖ ಬೂದಿ ಬಳಿದ ಹಾಗೆ ಆಗುತ್ತಿತ್ತು. ಕೆಂಪು ಏರಿಸಿದರೆ ಕೆನ್ನೆ ಮೇಲೆ ಪಟ್ಟೆ ಪಟ್ಟೆ ಏಳುತ್ತಿತ್ತು. ಪಂಚೆಯ ಮಡಿಕೆ ಅರ್ಧಕ್ಕರ್ಧ ಹೋಗೇ ಬಿಟ್ಟಿತ್ತು. ಕೊನೆಗೆ ಧಾರೆಯ ಫೋಟೋ ಎಲ್ಲವನ್ನೂ ಕಪ್ಪು ಬಿಳುಪು ಮಾಡಿ, ನಡೆದದ್ದನ್ನು ಹೇಳಿ ಕೊಟ್ಟೆ. ಹುಡುಗಿಯ ಅಮ್ಮ ಬೈಯಲಿಲ್ಲ. ಆಲ್ಬಮ್ ತಿರುವಿ, "ಧಾರೆ ಸೀರೆ ಬಣ್ಣ ಗೊತ್ತಾಗಲ್ಲ ಅಲ್ವಾ" ಅಂದರು, ಅಷ್ಟೇ. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲ. ಇವತ್ತು ನಾನು ಇಲ್ಲಿ ನಿಂತು ಮಾತಾಡುತ್ತಿರುವುದು ಆ ಸೀರೆಯ ಬಣ್ಣಕ್ಕೋಸ್ಕರ.

ರಾದಲ್ಲಿ ತೆಗೆದಿದ್ದರೆ ಅದೇ ತಪ್ಪು ಒಂದು ಕ್ಲಿಕ್‌ನಲ್ಲಿ ಸರಿ ಹೋಗುತ್ತಿತ್ತು. ಯಾಕೆ ಅಂತ ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ತಾನಾಗೇ ಅರ್ಥವಾಗುತ್ತದೆ. ಅದಕ್ಕೇ ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತೇನೆ.

ಕ್ಯಾಮೆರಾದ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್, ಅದಕ್ಕೆ ಬಣ್ಣ ಗೊತ್ತಿಲ್ಲ. ಎಷ್ಟು ಬೆಳಕು ಬಿತ್ತು ಅನ್ನುವುದು ಮಾತ್ರ ಗೊತ್ತು. ಬಣ್ಣ ಬರಲಿ ಅಂತ ಅದರ ಒಂದೊಂದು ಚುಕ್ಕಿಯ ಮೇಲೂ ಒಂದೊಂದು ಬಣ್ಣದ ಗಾಜಿನಂಥ ಪುಟ್ಟ ಫಿಲ್ಟರ್ ಕೂರಿಸಿರುತ್ತಾರೆ. ಕೆಂಪು, ಹಸಿರು, ನೀಲಿ. ಹಸಿರು ಮಾತ್ರ ಎರಡರಷ್ಟು, ಯಾಕೆಂದರೆ ನಮ್ಮ ಕಣ್ಣು ಬೆಳಕಿನ ಏರಿಳಿತವನ್ನು ಹಸಿರಿನಲ್ಲೇ ಹೆಚ್ಚು ಚೆನ್ನಾಗಿ ಗುರುತಿಸುತ್ತದೆ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನುವವರು ಇದನ್ನು ಯೋಚಿಸಿದರು, 1976ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ನಮ್ಮ ಹೆಚ್ಚಿನ ಕ್ಯಾಮೆರಾಗಳು ನಡೆಯುವುದು ಇದೇ ಜೋಡಣೆಯ ಮೇಲೆ. ಅಂದರೆ ಒಂದು ಚುಕ್ಕಿಗೆ ತನ್ನ ಒಂದು ಬಣ್ಣ ಮಾತ್ರ ಗೊತ್ತು. ಉಳಿದ ಎರಡನ್ನು ಪಕ್ಕದವರನ್ನು ಕೇಳಿ ಲೆಕ್ಕ ಹಾಕಬೇಕು.

ರಾ ಫೈಲ್ ಅಂದರೆ ಈ ಲೆಕ್ಕ ಹಾಕುವ ಮೊದಲಿನ ಅಂಕಿಗಳು. ಅದು ಇನ್ನೂ ಫೋಟೋನೇ ಅಲ್ಲ. ನೀವು ಇಟ್ಟ ವೈಟ್ ಬ್ಯಾಲೆನ್ಸ್ ಅದರ ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟ ಹಾಗೆ ಇರುತ್ತದೆ, ಅಂಕಿಗಳನ್ನು ಮುಟ್ಟಿರುವುದಿಲ್ಲ. ಚೀಟಿ ತಪ್ಪಾಗಿದ್ದರೆ ಹರಿದು ಹಾಕಿ ಬೇರೆ ಬರೆಯಬಹುದು.

ಜೆಪೆಗ್‌ನಲ್ಲಿ ಹಾಗಲ್ಲ. ಕ್ಯಾಮೆರಾ ಚೀಟಿ ಓದುತ್ತದೆ, ಅದರಲ್ಲಿರುವ ಹಾಗೆ ನೀಲಿಯನ್ನು ಏರಿಸುತ್ತದೆ, ಕಾಂಟ್ರಾಸ್ಟ್ ಕೊಡುತ್ತದೆ, ಶಾರ್ಪ್ ಮಾಡುತ್ತದೆ, ನಾಯ್ಸ್, ಅಂದರೆ ಮರಳಿನಂಥ ಚುಕ್ಕೆ, ಒರೆಸುತ್ತದೆ, ಆಮೇಲೆ ಕುಗ್ಗಿಸಿ ಇಟ್ಟು, ಮೊದಲಿನ ಅಂಕಿಗಳನ್ನು ಎಸೆದು ಬಿಡುತ್ತದೆ. ನನ್ನ ಮದುವೆ ಫೋಟೋದಲ್ಲಿ ಬಿಳಿ ಪಂಚೆಯ ನೀಲಿ ಅಂಕಿ ಮೇಲಕ್ಕೆ ಹೋಗಿ ಹೋಗಿ ಛಾವಣಿಗೆ ತಗುಲಿತ್ತು. ಮಡಿಕೆಯ ನೆರಳಿಗೂ ಬಿಸಿಲಿಗೂ ಒಂದೇ ಅಂಕಿ, 255, ಜೆಪೆಗ್‌ನಲ್ಲಿ ಅದೇ ಕೊನೆ. ಇಳಿಸಿದರೆ ಎಲ್ಲ ಒಟ್ಟಿಗೇ ಇಳಿಯುತ್ತವೆ. ಮಡಿಕೆ ಎಲ್ಲಿಂದ ಬರಬೇಕು?

ಮಂಡ್ಯದಲ್ಲಿ ನಿಂತು ಇದನ್ನು ಹೇಳುವಾಗ ಆಲೆಮನೆ ನೆನಪಾಗದೆ ಇರಲ್ಲ. ಗಾಣದಿಂದ ಬಂದ ಕಬ್ಬಿನ ಹಾಲು ರಾ. ಕೊಪ್ಪರಿಗೆಯಲ್ಲಿ ಕುದಿಸಿ, ಪಾಕ ನೋಡಿ, ಅಚ್ಚಿಗೆ ಹೊಯ್ದರೆ ಜೆಪೆಗ್. ಪಾಕ ನೋಡುವವನು ಚೆನ್ನಾಗಿ ಕಲಿತವನಾದರೆ ಬೆಲ್ಲ ಬಂಗಾರದ ಹಾಗೆ ಬರುತ್ತದೆ, ಇದನ್ನು ಮರೆಯಬೇಡಿ, ಇವತ್ತಿನ ಕ್ಯಾಮೆರಾಗಳು ಪಾಕ ಚೆನ್ನಾಗೇ ಕಲಿತಿವೆ. ಫ್ಯೂಜಿ ಕ್ಯಾಮೆರಾದಿಂದ ನೇರ ಬಂದ ಜೆಪೆಗ್ ಬಣ್ಣಕ್ಕೆ ಮನಸೋತು ಅದನ್ನೇ ಬಳಸುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಪಾಕ ಹತ್ತಿ ಹೋದರೆ ಆ ಕೊಪ್ಪರಿಗೆ ಹೋದ ಹಾಗೇ.

ಅಂಕಿ ಅಂದೆನಲ್ಲ, ಅದನ್ನೂ ಹೇಳಿಬಿಡುತ್ತೇನೆ. ಜೆಪೆಗ್ 8 ಬಿಟ್. ಒಂದೊಂದು ಬಣ್ಣಕ್ಕೆ ಕಪ್ಪಿನಿಂದ ಬೆಳಕಿನವರೆಗೆ 256 ಮೆಟ್ಟಿಲು. ಮೂರೂ ಸೇರಿದರೆ ಸುಮಾರು 1.67 ಕೋಟಿ ಬಣ್ಣ. ನೋಡುವ ಕಣ್ಣಿಗೆ ಇದು ಸಾಕು, ಪ್ರಿಂಟಿಗೂ ಸಾಕು. ರಾ 12 ಬಿಟ್ ಆದರೆ 4,096 ಮೆಟ್ಟಿಲು, 14 ಬಿಟ್ ಆದರೆ 16,384. ನೋಡಲು ಇಷ್ಟೊಂದು ಬೇಡ. ಎಳೆದಾಡಲು ಬೇಕು. ಕತ್ತಲಲ್ಲಿರುವ ಮುಖವನ್ನು ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕಿಗೆ, ಮೇಲಕ್ಕೆ ಎಳೆಯುತ್ತೀರಿ ಅಂದುಕೊಳ್ಳಿ. ಜೆಪೆಗ್‌ನಲ್ಲಿ ಆ ಕತ್ತಲಿಗೆ ಸಿಕ್ಕಿದ್ದೇ ಕೆಲವು ಮೆಟ್ಟಿಲು, ಎಳೆದಾಗ ಮಧ್ಯೆ ಬಿರುಕು ಕಾಣುತ್ತದೆ. ಸಂಜೆಯ ಆಕಾಶದಲ್ಲಿ ಪಟ್ಟೆ ಏಳುವುದೂ ಇದಕ್ಕೇ.

ಇಲ್ಲಿ ಒಂದು ವಿಷಯ ಹೇಳಬೇಕು, ನನಗೆ ತುಂಬಾ ಇಷ್ಟವಾದದ್ದು. ಜೆಪೆಗ್ ಫೋಟೋವನ್ನು 8 ಚುಕ್ಕಿ ಅಗಲ, 8 ಚುಕ್ಕಿ ಎತ್ತರದ ಚೌಕಗಳಾಗಿ ಕತ್ತರಿಸುತ್ತದೆ. ಒಂದೊಂದು ಚೌಕದಲ್ಲೂ ನಿಧಾನವಾಗಿ ಬದಲಾಗುವ ಬೆಳಕೆಷ್ಟು, ಬೇಗ ಬೇಗ ಬದಲಾಗುವ ಸಣ್ಣ ವಿವರವೆಷ್ಟು ಅಂತ ಬೇರೆ ಬೇರೆ ಮಾಡುತ್ತದೆ. ಕಣ್ಣಿಗೆ ಅಷ್ಟಾಗಿ ಗೊತ್ತಾಗದ ಸಣ್ಣ ವಿವರವನ್ನು ಒರಟಾಗಿ ಅಳೆದು, ಬೇಡದ್ದನ್ನು ಬಿಡುತ್ತದೆ. ಈ ಬೇರೆ ಮಾಡುವ ಲೆಕ್ಕದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಅದನ್ನು ಕೊಟ್ಟವರು ನಾಸಿರ್ ಅಹ್ಮದ್, ಬೆಂಗಳೂರಿನಲ್ಲಿ ಹುಟ್ಟಿದವರು. 1961ರಲ್ಲಿ ಅಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದು ಮುಗಿಸಿದರು, ಆಗ ಆ ಕಾಲೇಜು ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ ಅವರು ಬರೆದ ಲೇಖನ 1974ರಲ್ಲಿ ಅಚ್ಚಾಯಿತು. ಅದರ ಮೇಲೆ ನಿಂತ ಜೆಪೆಗ್ ಮಾನದಂಡ 1992ರಲ್ಲಿ ಬಂತು. ಜೆಪೆಗ್ ಅಂದರೆ ಕೀಳು, ರಾ ಅಂದರೆ ಮೇಲು ಅಂತ ಮಾತಾಡುವವರನ್ನು ಕಂಡಾಗ ನನಗೆ ಈ ಹೆಸರು ನೆನಪಾಗುತ್ತದೆ. ಸುಮಾರು 10 ಎಂಬಿಯ ಫೈಲಿನಲ್ಲಿ 24 ಮೆಗಾಪಿಕ್ಸೆಲ್ ಫೋಟೋ ಕೂರಿಸಿ, ಕಣ್ಣಿಗೆ ವ್ಯತ್ಯಾಸವೇ ಗೊತ್ತಾಗದ ಹಾಗೆ ಮಾಡುವುದು ಸಣ್ಣ ಕೆಲಸವಲ್ಲ. ಮೂವತ್ತು ವರ್ಷದ ಹಿಂದಿನ ಜೆಪೆಗ್ ಇವತ್ತೂ ಯಾವ ಫೋನಿನಲ್ಲಾದರೂ ತೆರೆಯುತ್ತದೆ. ರಾ ಹಾಗಲ್ಲ, ನಿಕಾನ್‌ದು ಒಂದು ರಾ, ಕ್ಯಾನನ್‌ದು ಇನ್ನೊಂದು, ಸೋನಿದು ಮತ್ತೊಂದು. ಅಡೋಬಿ 2004ರಲ್ಲಿ ಡಿಎನ್‌ಜಿ ಅಂತ ಎಲ್ಲರಿಗೂ ಒಂದೇ ರೂಪ ತಂದಿತು, ಆದರೆ ದೊಡ್ಡ ಕಂಪನಿಗಳು ತಮ್ಮದನ್ನು ಬಿಡಲಿಲ್ಲ.

ಹಾಗಾದರೆ ಜೆಪೆಗ್ ಎಲ್ಲಿ ಸರಿ?

ದಸರಾ ದಿನ ಪತ್ರಿಕೆಗೆ ಫೋಟೋ ಕಳಿಸುವವರಿಗೆ ಸರಿ. ಜಂಬೂ ಸವಾರಿ ಅರಮನೆಯಿಂದ ಹೊರಟು ಬನ್ನಿಮಂಟಪ ಮುಟ್ಟಲು ಸುಮಾರು 5 ಕಿಲೋಮೀಟರ್. ಆನೆ ಅರಮನೆ ಗೇಟು ದಾಟುವುದರೊಳಗೆ ಫೋಟೋ ಆಫೀಸಿಗೆ ಹೋಗಿರಬೇಕು. ಅಲ್ಲಿ ಕೂತು ರಾ ಬಿಚ್ಚುವ ಹೊತ್ತಿಲ್ಲ. ಸಾಲಾಗಿ ಬರ್ಸ್ಟ್ ಹೊಡೆದರೆ ರಾದಲ್ಲಿ ಕ್ಯಾಮೆರಾದ ಬಫರ್, ಅಂದರೆ ಕಾರ್ಡಿಗೆ ಹೋಗುವ ಮೊದಲು ಫೋಟೋ ನಿಲ್ಲುವ ಜಾಗ, ಬೇಗ ತುಂಬಿ ನಿಂತು ಬಿಡುತ್ತದೆ, ಜೆಪೆಗ್‌ನಲ್ಲಿ ಓಡುತ್ತಾ ಇರುತ್ತದೆ. ಸುದ್ದಿಸಂಸ್ಥೆ ರಾಯಿಟರ್ಸ್ 2015ರ ನವೆಂಬರ್‌ನಲ್ಲಿ ತನ್ನ ಫ್ರೀಲ್ಯಾನ್ಸ್ ಫೋಟೋಗ್ರಾಫರ್‌ಗಳಿಗೆ, ರಾದಿಂದ ತಯಾರಿಸಿದ ಫೋಟೋ ಬೇಡ, ಕ್ಯಾಮೆರಾದಲ್ಲೇ ಜೆಪೆಗ್ ಆಗಿ ಬಂದದ್ದನ್ನು ಕಳಿಸಿ ಅಂತ ಹೇಳಿತು. ಬೇಗ ಸಿಗಲಿ ಅನ್ನುವುದು ಒಂದು ಕಾರಣ. ಎಡಿಟಿಂಗ್ ಹೆಸರಿನಲ್ಲಿ ಕಂಡದ್ದನ್ನು ಬದಲಾಯಿಸುವುದು ಬೇಡ ಅನ್ನುವುದು ಇನ್ನೊಂದು.

ಆದರೆ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ ಕೊನೆಯ ಸುತ್ತಿಗೆ ಬಂದವರಿಂದ ರಾ ಫೈಲನ್ನೇ ಕೇಳುತ್ತಾರೆ. ಏನೂ ಸೇರಿಸಿಲ್ಲ, ಏನೂ ಅಳಿಸಿಲ್ಲ ಅಂತ ನೋಡಲು. ಒಬ್ಬರು ನಂಬಿಕೆಗಾಗಿ ಜೆಪೆಗ್ ಕೇಳಿದರು, ಇನ್ನೊಬ್ಬರು ಅದೇ ನಂಬಿಕೆಗಾಗಿ ರಾ ಕೇಳುತ್ತಾರೆ. ಹಕ್ಕಿ ಫೋಟೋದವರು ಇದನ್ನು ಗಮನದಲ್ಲಿಡಿ. ಸ್ಪರ್ಧೆಗೆ ಕಳಿಸುವ ಆಸೆ ಇದ್ದರೆ ರಾ ಇಟ್ಟುಕೊಂಡಿರಿ.

ಹಕ್ಕಿ ಅಂದ ಮೇಲೆ ಕೊಕ್ಕರೆ ಬೆಳ್ಳೂರಿಗೆ ಹೋಗೋಣ. ಮದ್ದೂರು ತಾಲೂಕಿನ ಈ ಊರಿನಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ ಎಲ್ಲ ಮನೆ ಪಕ್ಕದ ಮರದಲ್ಲೇ ಗೂಡು ಕಟ್ಟುತ್ತವೆ. ಹತ್ತು ಗಂಟೆ ಬಿಸಿಲಿನಲ್ಲಿ ಬಣ್ಣದ ಕೊಕ್ಕರೆಯನ್ನು ನೋಡಿ. ಬೆನ್ನಿನ ಗರಿ ಸುಣ್ಣದ ಹಾಗೆ ಬಿಳಿ, ರೆಕ್ಕೆ ಕಪ್ಪು, ಬಾಲದ ಹತ್ತಿರ ಗುಲಾಬಿ. ಹಿಂದೆ ಹುಣಸೆ ಮರದ ಗಾಢ ನೆರಳು. ಕ್ಯಾಮೆರಾ ಆ ನೆರಳು ನೋಡಿ ಬೆಳಕು ಜಾಸ್ತಿ ಕೊಡುತ್ತದೆ, ಬಿಳಿ ಗರಿ ಕರಗಿ ಹೋಗುತ್ತದೆ. ಇಲ್ಲಿ ರಾ ಸ್ವಲ್ಪ ಕೈ ಹಿಡಿಯುತ್ತದೆ, ಸುಮಾರು ಒಂದು ಸ್ಟಾಪಿನಷ್ಟು ಬಿಳಿಯಲ್ಲಿ ವಿವರ ವಾಪಸ್ ಬರಬಹುದು. ಆದರೆ ದಯವಿಟ್ಟು ಕೇಳಿ, ಸೆನ್ಸರ್‌ನ ಮೂರೂ ಬಣ್ಣ ತುಂಬಿ ಹರಿದಿದ್ದರೆ ರಾದಲ್ಲೂ ಅಲ್ಲಿ ಏನೂ ಇಲ್ಲ. ರಾ ಇದೆ ಅಂತ, ಎಷ್ಟು ಬೆಳಕು ಒಳಗೆ ಬಿಡಬೇಕು ಅನ್ನುವ ಎಕ್ಸ್‌ಪೋಷರ್ ಮರೆತವರ ಫೋಟೋಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ, ಮನಸ್ಸಿಗೆ ಬೇಜಾರಾಗುತ್ತದೆ. ಗರಿಯ ಮೇಲೆ ಕಣ್ಣಿಟ್ಟು ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ. ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು, ರಾದಲ್ಲಿ ಅದಕ್ಕೆ ಮೆಟ್ಟಿಲುಗಳಿವೆ. ಅಲುಗಾಡಿದ ಫೋಟೋ, ಫೋಕಸ್ ತಪ್ಪಿದ ಫೋಟೋ, ಇದಕ್ಕೆ ಯಾವ ಫೈಲೂ ಸಹಾಯ ಮಾಡಲ್ಲ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿಲ್ಲದ್ದು. ನೀವು ರಾದಲ್ಲೇ ತೆಗೆದರೂ ಕ್ಯಾಮೆರಾದ ಹಿಂದೆ ಕಾಣುವುದು ಜೆಪೆಗ್. ರಾ ಫೈಲಿನ ಒಳಗೇ ಒಂದು ಜೆಪೆಗ್ ಕೂತಿರುತ್ತದೆ, ತೋರಿಸಲು. ಕಪ್ಪು ಎಷ್ಟು, ಬೆಳಕು ಎಷ್ಟು ಅಂತ ತೋರಿಸುವ ನಕ್ಷೆ, ಹಿಸ್ಟೋಗ್ರಾಮ್, ಅದೂ ಅದರದೇ. ಅದಕ್ಕೆ ಕೆಲವೊಮ್ಮೆ ಬಿಳಿ ಹೋಯಿತು ಅಂತ ಪರದೆ ಮಿಣುಕುತ್ತದೆ, ಮನೆಗೆ ಬಂದು ರಾ ತೆರೆದರೆ ಇನ್ನೂ ಇರುತ್ತದೆ. ರಾದಲ್ಲಿ ತೆಗೆಯುವವರು ಆ ಜೆಪೆಗ್‌ನ ಬಣ್ಣ ಹೊಂದಿಸುವ ಪಿಕ್ಚರ್ ಸ್ಟೈಲನ್ನು ನ್ಯೂಟ್ರಲ್‌ಗೆ ಇಟ್ಟು ಕಾಂಟ್ರಾಸ್ಟ್ ಇಳಿಸಿಕೊಳ್ಳಿ. ಫೋಟೋ ಪರದೆಯಲ್ಲಿ ಸಪ್ಪೆ ಕಾಣುತ್ತದೆ, ಆದರೆ ಹಿಸ್ಟೋಗ್ರಾಮ್ ಸತ್ಯಕ್ಕೆ ಹತ್ತಿರ ಬರುತ್ತದೆ.

ದೇವರಾಜ ಮಾರ್ಕೆಟ್ಟಿನ ಕುಂಕುಮದ ರಾಶಿ ಎಲ್ಲರೂ ತೆಗೆದಿರುತ್ತೀರಿ. ಜೆಪೆಗ್‌ನಲ್ಲಿ ಅದು ಒಂದೇ ಕೆಂಪು ಮುದ್ದೆಯಾಗಿ ಬಂದಿರುತ್ತದೆ ಅಲ್ವಾ? ಅಷ್ಟು ಗಾಢ ಕೆಂಪು ಜೆಪೆಗ್‌ನ ಬಣ್ಣದ ಡಬ್ಬಿಯಲ್ಲಿ ಹಿಡಿಸಲ್ಲ. ಕೆಂಪಿನ ಅಂಕಿ ಮೇಲೆ ತಗುಲುತ್ತದೆ, ಉಳಿದೆರಡು ತಳ ಹತ್ತುತ್ತವೆ, ಪುಡಿಯ ಕಣ ಕಾಣಲ್ಲ. ರಾದಲ್ಲಿ ತೆಗೆದು ಕೆಂಪಿನ ಗಾಢತೆ ಸ್ವಲ್ಪ ಇಳಿಸಿ ನೋಡಿ, ರಾಶಿ ಮೇಲೆ ಮಾರುವವರ ಬೆರಳಿನ ಗೆರೆ ಕೂಡ ಕಾಣುತ್ತದೆ.

ಈಗ ಖರ್ಚಿನ ಮಾತು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ರಾ ಸುಮಾರು 25ರಿಂದ 30 ಎಂಬಿ. ಎರಡು ದಿನದ ಮದುವೆಯಲ್ಲಿ 3,000 ಫೋಟೋ ತೆಗೆದರೆ 80 ಜಿಬಿ ಹತ್ತಿರ. ಅದನ್ನು ಎರಡು ಡಿಸ್ಕಿನಲ್ಲಿ ಇಡಬೇಕು. ಹದಿನೈದು ಮದುವೆಗೆ ಲೆಕ್ಕ ಹಾಕಿ. ನಿಮ್ಮ ಕಂಪ್ಯೂಟರ್ ಹಳೆಯದಾದರೆ ಒಂದೊಂದು ಫೈಲು ತೆರೆಯಲೂ ಕಾಯಬೇಕು. ರಾ ತೆರೆದು ಎಡಿಟ್ ಮಾಡುವ ಲೈಟ್‌ರೂಮ್ ಸಾಫ್ಟ್‌ವೇರಿಗೆ ತಿಂಗಳು ತಿಂಗಳು ದುಡ್ಡು. ದುಡ್ಡಿಲ್ಲದವರಿಗೆ ಡಾರ್ಕ್‌ಟೇಬಲ್, ರಾಥೆರಪಿ ಇವೆ, ಪೂರ್ತಿ ಉಚಿತ, ಕಲಿಯಲು ಸ್ವಲ್ಪ ತಾಳ್ಮೆ ಬೇಕು. ರಾದಲ್ಲಿ ತೆಗೆದು, ಡಿಸ್ಕಿಗೆ ಹಾಕಿ, ಎಂದೂ ತೆರೆಯದೆ ಇಡುವವರಿಗೆ ನಾನು ಹೇಳುವುದು ಇಷ್ಟೇ: ಸುಮ್ನೆ ಜೆಪೆಗ್‌ನಲ್ಲಿ ತೆಗೆಯಿರಿ, ಮನೆಯವರಿಗೆ ಫೋಟೋ ಆದರೂ ಸಿಗುತ್ತದೆ. ಕಬ್ಬಿನ ಹಾಲು ಗಡಿಗೆಯಲ್ಲೇ ಉಳಿದರೆ ಯಾರಿಗೂ ಬೆಲ್ಲ ಸಿಗಲ್ಲ.

ನಾನು ಮಾಡುವುದು ಹೇಳುತ್ತೇನೆ. ಮತ್ತೆ ಸಿಗದ ಗಳಿಗೆ, ಬೆಳಕು ನನ್ನ ಕೈಯಲ್ಲಿ ಇಲ್ಲ, ಆಗ ಎರಡನ್ನೂ ಒಟ್ಟಿಗೆ ಇಡುತ್ತೇನೆ, ರಾ ಮತ್ತು ಜೆಪೆಗ್. ಧಾರೆ, ತಾಳಿ, ಹೆಣ್ಣು ಒಪ್ಪಿಸುವುದು. ಆರತಕ್ಷತೆಯ ಸಾಲು, ವೇದಿಕೆ ಮೇಲೆ ಒಂದೇ ಲೈಟು, ಒಂದೇ ಜಾಗ, ಇನ್ನೂರು ಜನ ಬಂದು ನಿಂತು ಹೋಗುತ್ತಾರೆ, ಅಲ್ಲಿ ವೈಟ್ ಬ್ಯಾಲೆನ್ಸ್ ಒಮ್ಮೆ ಸರಿ ಮಾಡಿ ಬರೀ ಜೆಪೆಗ್. ಊಟದ ಪಂಕ್ತಿಗೂ ಜೆಪೆಗ್. ಛತ್ರದ ಒಳಗೆ ಒಂದು ಕಡೆ ಎಲ್‌ಇಡಿ, ಇನ್ನೊಂದು ಕಡೆ ಹಳದಿ ಸರದ ದೀಪ, ಬಾಗಿಲಿಂದ ಬಿಸಿಲು, ಇಂಥ ಕಲಬೆರಕೆ ಬೆಳಕು ಇದ್ದರೆ ಯೋಚನೆ ಮಾಡದೆ ರಾ.

ಮೊದಲ ಪ್ರಶ್ನೆ ಮದುವೆ ಫೋಟೋದವರಿಂದ ಬಂತು. ಗಿರಾಕಿಗಳು ಈಗ ರಾ ಫೈಲೂ ಕೊಡಿ ಅಂತಾರೆ, ಕೊಡಬೇಕಾ? ಅವರಿಗೆ ಬೇಕಾದದ್ದು ಹೆಚ್ಚಿನ ಸಲ ರಾ ಅಲ್ಲ, ಆಯ್ಕೆ ಮಾಡದೆ ಇರುವ ಎಲ್ಲ ಫೋಟೋ. ಮೊದಲು ಅದನ್ನು ಕೇಳಿ ತಿಳಿದುಕೊಳ್ಳಿ. ನಿಜವಾಗಿ ರಾ ಬೇಕು ಅಂದರೆ ಅದು ಮೊದಲೇ ಮಾತಾಗಿರಲಿ, ಬೆಲೆಯೂ ಸೇರಿ.

ಇನ್ನೊಬ್ಬರು ಕೇಳಿದರು, ಜೆಪೆಗನ್ನು ರಾ ಮಾಡಬಹುದಾ? ಆಗಲ್ಲ. ಜೆಪೆಗನ್ನು ರಾ ಸಾಫ್ಟ್‌ವೇರಿನಲ್ಲಿ ತೆರೆಯಬಹುದು, ಡಿಎನ್‌ಜಿ ಅಂತ ಉಳಿಸಲೂಬಹುದು, ಹೆಸರು ಬದಲಾಗುತ್ತದೆ ಅಷ್ಟೇ. ಬೆಲ್ಲ ನೀರಿಗೆ ಹಾಕಿದರೆ ಪಾನಕ ಆಗುತ್ತದೆ, ಕಬ್ಬಿನ ಹಾಲು ಆಗಲ್ಲ.

ಹಳೆಯ ರಾ ಇಟ್ಟುಕೊಂಡು ಏನು ಪ್ರಯೋಜನ ಅಂತ ಒಬ್ಬರು. ಇದೆ. ನಾಯ್ಸ್ ತೆಗೆಯುವ ಹೊಸ ವಿಧಾನಗಳು ರಾ ಫೈಲಿನ ಮೇಲೆ ಚೆನ್ನಾಗಿ ಕೆಲಸ ಮಾಡುತ್ತವೆ. ಹತ್ತು ವರ್ಷದ ಹಿಂದೆ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ತೆಗೆದಿದ್ದೆ. ಕತ್ತಲು, ಐಎಸ್ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ, ಜಾಸ್ತಿ, ಮುಖದ ಮೇಲೆಲ್ಲ ಮರಳು. ಕೆಲಸಕ್ಕೆ ಬರಲ್ಲ ಅಂತ ಬಿಟ್ಟಿದ್ದೆ. ಹೋದ ವರ್ಷ ಅದೇ ರಾ ಮತ್ತೆ ತೆರೆದೆ. ಪಂಜು ಹಿಡಿದವನ ಕಣ್ಣಲ್ಲಿ ಬೆಂಕಿಯ ಚುಕ್ಕಿ ಕಾಣುತ್ತಿದೆ. ಅವತ್ತು ನಾನೇ ನೋಡಿರಲಿಲ್ಲ.

ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗ, ಮೊಬೈಲ್ ಮಾತ್ರ ಇರುವವನು. ಫೋನಿನಲ್ಲಿ ರಾ ಆನ್ ಮಾಡಬೇಕಾ ಸಾರ್ ಅಂದ. ಆಂಡ್ರಾಯ್ಡ್‌ನಲ್ಲಿ 2014ರಿಂದ, ಐಫೋನ್‌ನಲ್ಲಿ 2016ರಿಂದ ಡಿಎನ್‌ಜಿ ತೆಗೆಯುವ ದಾರಿ ಇದೆ. ಹೇಳುವುದಕ್ಕಿಂತ ತೋರಿಸುವುದು ವಾಸಿ ಅಂತ ಅವನನ್ನು ಸಭೆಯ ಬಾಗಿಲಿಗೆ ಕರೆದೆ. ಒಳಗೆ ಕತ್ತಲು, ಹೊರಗೆ ಬಿಸಿಲಿನಲ್ಲಿ ಎಳನೀರು ಗಾಡಿ. ಒಂದು ಮಾಮೂಲಿ ಫೋಟೋ, ಒಂದು ಪ್ರೊ ಮೋಡ್‌ನ ರಾ. ಮಾಮೂಲಿ ಫೋಟೋನೇ ಚೆನ್ನಾಗಿ ಬಂದಿತ್ತು, ಒಳಗೂ ಕಾಣುತ್ತಿತ್ತು, ಹೊರಗೂ ಕಾಣುತ್ತಿತ್ತು. ಅವನ ಮುಖದಲ್ಲಿ ಆಶ್ಚರ್ಯ. ಫೋನು ಒಂದು ಒತ್ತಿಗೆ ಹಲವು ಫೋಟೋ ತೆಗೆದು ಸೇರಿಸಿತ್ತು, ರಾ ಮಾತ್ರ ಅವನ ಫೋನಿನಲ್ಲಿ ಒಂದೇ ಒಂದು ಫೋಟೋದ್ದು, ಕತ್ತಲಿನ ಕಡೆ ನಾಯ್ಸ್ ತುಂಬಿತ್ತು. ಆಮೇಲೆ ಎರಡನ್ನೂ ದೊಡ್ಡದು ಮಾಡಿ ನೋಡಿದೆವು. ಮಾಮೂಲಿ ಫೋಟೋದಲ್ಲಿ ಎಳನೀರಿನ ಸಿಪ್ಪೆ ನೀರುಬಣ್ಣ ಬಳಿದ ಹಾಗೆ ನುಣ್ಣಗಾಗಿತ್ತು. ರಾದಲ್ಲಿ, ಆ ನಾಯ್ಸ್ ನಡುವೆಯೇ, ಮಚ್ಚು ತಗುಲಿದ ಗೆರೆ ಒಂದೊಂದೂ ಇತ್ತು. ಹುಡುಗ ಅಲ್ಲೇ ಬಾಗಿಲಲ್ಲಿ ಕೂತು ಸ್ನಾಪ್‌ಸೀಡ್ ಅನ್ನುವ ಎಡಿಟಿಂಗ್ ಆ್ಯಪ್‌ನಲ್ಲಿ ನೆರಳು ಎತ್ತುತ್ತಾ ಇಳಿಸುತ್ತಾ ಇದ್ದ. ನಾವೆಲ್ಲ ಊಟಕ್ಕೆ ಎದ್ದಾಗಲೂ ಅವನು ಎದ್ದಿರಲಿಲ್ಲ.